ಪಿಎಚ್‌.ಡಿ. ಅರ್ಜಿಗೆ ಮಂಗನ ಕಾಯಿಲೆಯ ವಿಷಯವಿದೆ, ಆದರೆ ಸಂಶೋಧನಾ ಪ್ರಶ್ನೆ ಹೊಳೆಯುತ್ತಿಲ್ಲ

ತೀರ್ಥಹಳ್ಳಿಯ ಶುಶ್ರೂಷಕಿ

ಎಲ್ಲರಿಗೂ ನಮಸ್ಕಾರ. ನಾನು ಸಮುದಾಯ ಆರೋಗ್ಯ ವಿಷಯದಲ್ಲಿ ಎಂ.ಎಸ್ಸಿ. ನರ್ಸಿಂಗ್ ಮುಗಿಸಿ, ಒಂಬತ್ತು ವರ್ಷಗಳಿಂದ ತೀರ್ಥಹಳ್ಳಿ ತಾಲ್ಲೂಕಿನ ಉಪಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ವಯಸ್ಸು 34, ಸ್ನಾತಕೋತ್ತರದಲ್ಲಿ ಶೇ. 61 ಅಂಕಗಳಿವೆ. ಸಾರ್ವಜನಿಕ ಆರೋಗ್ಯದಲ್ಲಿ ಪಿಎಚ್‌.ಡಿ. ಮಾಡಬೇಕೆಂದು ಕಳೆದ ವರ್ಷ ಒಂದು ಕಡೆ ಅರ್ಜಿ ಹಾಕಿ, ಸಂದರ್ಶನದವರೆಗೂ ಹೋಗಿ ಬಂದೆ. ನನ್ನ ಸಿನಾಪ್ಸಿಸ್‌ನ (ಸಂಶೋಧನಾ ಪ್ರಸ್ತಾವದ) ಶೀರ್ಷಿಕೆ ‘ಶಿವಮೊಗ್ಗ ಜಿಲ್ಲೆಯಲ್ಲಿ ಮಂಗನ ಕಾಯಿಲೆ: ಒಂದು ಅಧ್ಯಯನ’ ಎಂದಿತ್ತು. ಸಮಿತಿಯಲ್ಲಿದ್ದ ಹಿರಿಯರೊಬ್ಬರು ಅದನ್ನು ಓದಿ, “1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದಾಗಿನಿಂದ ಇದನ್ನು ಅಧ್ಯಯನ ಮಾಡುತ್ತಲೇ ಇದ್ದಾರಲ್ಲ, ಇದರಲ್ಲಿ ನಿಮ್ಮ ಪ್ರಶ್ನೆ ಏನಮ್ಮ?” ಎಂದು ಕೇಳಿದರು. ನಾನು ಜನರಲ್ಲಿ ಅರಿವು ಮೂಡಿಸುವ ಬಗ್ಗೆ ಏನೋ ಹೇಳಿದೆ, ಅವರು ಪುಟ ಮಗುಚಿದರು.

ಈ ವರ್ಷ ಮತ್ತೆ ಅರ್ಜಿ ಹಾಕಬೇಕೆಂದಿದ್ದೇನೆ. ವಿಷಯವನ್ನು ಪ್ರಶ್ನೆಯಾಗಿ ಮಾಡುವುದು ಹೇಗೆ, ಗೈಡ್‌ಗೆ ಮೊದಲೇ ಬರೆಯಬೇಕೇ, ಕೆಲಸ ಬಿಡಲೇಬೇಕೇ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಿ.

ಹೊಸನಗರದ ಸಂಶೋಧನಾ ವಿದ್ಯಾರ್ಥಿ

ಮೇಡಂ, ನಾನು ಸಾರ್ವಜನಿಕ ಆರೋಗ್ಯದಲ್ಲೇ ಮೂರನೇ ವರ್ಷದ ವಿದ್ಯಾರ್ಥಿ. ನನ್ನ ಮೊದಲ ಸಿನಾಪ್ಸಿಸ್ ಕೂಡ ‘ಒಂದು ಅಧ್ಯಯನ’ ಎಂದೇ ಮುಗಿದಿತ್ತು, ಆದ್ದರಿಂದ ಸಂಕೋಚ ಬೇಡ. ಪುಸ್ತಕಗಳನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಒಂದು ಮಾತು ಹೇಳಿ: ಈ ಒಂಬತ್ತು ವರ್ಷಗಳಲ್ಲಿ ಮಂಗನ ಕಾಯಿಲೆಯ ಕೆಲಸ ಮಾಡುವಾಗ, ನಿಮ್ಮ ಇಲಾಖೆಯ ವರದಿಯಲ್ಲಿ ಬರೆದಿರುವುದಕ್ಕೂ ನೀವು ಕಣ್ಣಾರೆ ಕಂಡದ್ದಕ್ಕೂ ತಾಳೆಯಾಗದೆ ಇದ್ದದ್ದು ಯಾವುದು? ಒಂದೇ ಒಂದು ಸಂದರ್ಭ ಸಾಕು.

ತೀರ್ಥಹಳ್ಳಿಯ ಶುಶ್ರೂಷಕಿ

ಅಂಥದ್ದು ಒಂದಿದೆ. ಮಂಗ ಸತ್ತ ಸುದ್ದಿ ಬಂದ ಊರುಗಳಲ್ಲಿ, ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳಲೆಂದು ನಾವು ಮನೆಮನೆಗೆ ಡೇಪಾ ಎಣ್ಣೆಯ ಬಾಟಲಿ ಕೊಡುತ್ತೇವೆ. ಕಾಯಿಲೆ ಹರಡುವ ಉಣುಗು ಹತ್ತದಿರಲಿ ಎಂಬುದು ಉದ್ದೇಶ. ಒಂದು ಜನವರಿಯಲ್ಲಿ ಆಶಾ ಕಾರ್ಯಕರ್ತೆಯೊಂದಿಗೆ ಹೋದಾಗ, ನಾವೇ ಮೂರು ವಾರಗಳ ಹಿಂದೆ ಕೊಟ್ಟ ಬಾಟಲಿ ಕೊಟ್ಟಿಗೆಯ ಜಂತೆಗೆ ಸಿಕ್ಕಿಸಿದ್ದು ಕಂಡಿತು, ಅದರ ಸೀಲು ಕೂಡ ಒಡೆದಿರಲಿಲ್ಲ. ಆ ಮನೆಯ ಅಮ್ಮ ಆಗಷ್ಟೇ ಸೊಪ್ಪಿನಬೆಟ್ಟದಿಂದ ತರಗೆಲೆಯ ಹೊರೆ ತಂದು ಇಳಿಸಿದ್ದರು. ಕೇಳಿದ್ದಕ್ಕೆ, “ಅದನ್ನು ಹಚ್ಚಿಕೊಂಡರೆ ತರಗಿನ ಧೂಳೆಲ್ಲ ಮೈಗೇ ಅಂಟುತ್ತದೆ, ಬಂದು ಬಿಸಿನೀರು ಮೀಯುತ್ತೇನಲ್ಲ, ಸಾಕು” ಎಂದರು. ಪಕ್ಕದ ಮನೆಯಾಕೆ ಮಾತ್ರ ಹಿಂದಿನ ವರ್ಷ ಜ್ವರದಲ್ಲಿ ಮಲಗಿ ಎದ್ದಿದ್ದರಿಂದ ಎಣ್ಣೆ ಹಚ್ಚದೆ ಹೊರಗೆ ಕಾಲಿಡುತ್ತಿರಲಿಲ್ಲ. ಆದರೆ ನಮ್ಮ ವಹಿಯಲ್ಲಿ ಎರಡೂ ಮನೆಗಳ ಮುಂದೆ ‘ವಿತರಿಸಲಾಗಿದೆ’ ಎಂದೇ ಇದೆ. ಇಷ್ಟು ಸಣ್ಣ ಸಂಗತಿ ಪಿಎಚ್‌.ಡಿ.ಗೆ ಸಾಲುತ್ತದೆಯೇ?

ನಿವೃತ್ತ ಪ್ರಾಧ್ಯಾಪಕ, ಸಾಗರ

ಸಾಲುತ್ತದೆಯಮ್ಮ, ಇದೇ ನಿಮ್ಮ ಪ್ರಶ್ನೆ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ಕಾಡಿನಿಂದ ಸೊಪ್ಪು, ತರಗೆಲೆ ತರುವ ಮಹಿಳೆಯರಲ್ಲಿ ಡೇಪಾ ಎಣ್ಣೆಯನ್ನು ಪಡೆದವರಿಗೂ ಪ್ರತಿ ಸಲ ಹಚ್ಚಿಕೊಂಡು ಹೋಗುವವರಿಗೂ ನಡುವೆ ಇರುವ ಅಂತರವೆಷ್ಟು, ಆ ಅಂತರಕ್ಕೆ ಕಾರಣಗಳೇನು?’ ಮೊದಲ ಅರ್ಧಕ್ಕೆ ಮನೆಮನೆ ಸಮೀಕ್ಷೆ ಬೇಕು, ಎರಡನೆಯದಕ್ಕೆ ಸಾವಧಾನವಾಗಿ ಕುಳಿತು ಮಾಡುವ ಸಂದರ್ಶನಗಳು ಬೇಕು.

ಒಂದು ತೊಡಕನ್ನು ಮಾತ್ರ ಸಿನಾಪ್ಸಿಸ್‌ನಲ್ಲೇ ಎದುರಿಸಿ. ಬಾಟಲಿ ಕೊಟ್ಟವರೇ ಹೋಗಿ “ಹಚ್ಚಿಕೊಳ್ಳುತ್ತೀರಾ?” ಎಂದು ಕೇಳಿದರೆ ಮಲೆನಾಡಿನ ಯಾವ ಮನೆಯಲ್ಲೂ ‘ಇಲ್ಲ’ ಎನ್ನುವುದಿಲ್ಲ, ಮೇಲಿಂದ ಕಾಫಿ ಕೊಟ್ಟು ಕಳುಹಿಸುತ್ತಾರೆ. ಆದ್ದರಿಂದ ನೀವು ಕೆಲಸ ಮಾಡದ ಬೇರೊಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯನ್ನು ಆರಿಸಿಕೊಳ್ಳಿ, ಬಾಯಿಮಾತಿನ ಜೊತೆಗೆ ಬಾಟಲಿಯಲ್ಲಿ ಉಳಿದ ಎಣ್ಣೆಯನ್ನೂ ಅಳೆಯುವ ಯೋಚನೆ ಮಾಡಿ. ಈ ಒಂದು ಪ್ಯಾರಾ ನಿಮ್ಮ ಸಿನಾಪ್ಸಿಸ್‌ನಲ್ಲಿದ್ದರೆ ಸಮಿತಿ ಪುಟ ಮಗುಚುವುದಿಲ್ಲ.

ಅತಿಯಾಸೆಯೂ ಬೇಡ. ಎಣ್ಣೆಯಿಂದ ರೋಗ ಕಡಿಮೆಯಾಗುತ್ತದೆಂದು ಸಾಧಿಸಲು ಹೊರಟರೆ ಕೆಲವು ಊರುಗಳ ಪ್ರಕರಣಗಳ ಸಂಖ್ಯೆ ಎಲ್ಲಿಗೂ ಸಾಲದು. ವೈರಸ್ಸನ್ನು ಬೆಳೆಸುವ ಕೆಲಸಕ್ಕಂತೂ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿರುವಂಥ ಅತ್ಯುನ್ನತ ಜೈವಿಕ ಸುರಕ್ಷತೆಯ ಪ್ರಯೋಗಾಲಯ ಬೇಕು, ಅದರ ಗೊಡವೆಗೆ ಹೋಗಬೇಡಿ. ಕಾಯಿಲೆಯ ಹಂಗಾಮು ಹೆಚ್ಚುಕಡಿಮೆ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಇರುವುದರಿಂದ, ಕೋರ್ಸ್‌ವರ್ಕ್ (ಆರಂಭದ ತರಗತಿಗಳು) ಮತ್ತು ನೈತಿಕ ಸಮಿತಿಯ ಒಪ್ಪಿಗೆಯಲ್ಲಿ ಮೊದಲ ಹಂಗಾಮು ಕೈಬಿಟ್ಟು ಹೋಗುತ್ತದೆ ಎಂದೇ ಲೆಕ್ಕ ಹಾಕಿ, ಕ್ಷೇತ್ರಕಾರ್ಯಕ್ಕೆ ಅದರ ನಂತರದ ಎರಡು ಹಂಗಾಮುಗಳನ್ನು ಇಟ್ಟುಕೊಳ್ಳಿ.

ಪಿಎಚ್‌.ಡಿ. ವಿಭಾಗದಲ್ಲಿ ಗುಮಾಸ್ತನಾಗಿದ್ದವನು

ನಿಯಮಗಳ ಮಟ್ಟಿಗೆ ನನ್ನದೂ ಒಂದೆರಡು ಮಾತು. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ಪಿಎಚ್‌.ಡಿ. ನಿಯಮಾವಳಿಯ ಪ್ರಕಾರ ಸ್ನಾತಕೋತ್ತರದಲ್ಲಿ ಶೇ. 55 ಅಂಕ ಸಾಕು. ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ, ಮಹಿಳೆಯರಿಗೆ ಇನ್ನೂ 2 ವರ್ಷದವರೆಗೆ ವಿನಾಯಿತಿ ಸಿಗಬಹುದು. ಕೆಲಸ ಬಿಡದೆ ಅರೆಕಾಲಿಕವಾಗಿ ಸೇರಲು ಅವಕಾಶವಿದೆ. ಆದರೆ ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆ, ಅಗತ್ಯವಾದರೆ ಕೋರ್ಸ್‌ವರ್ಕ್‌ಗೆ ಬಿಡುಗಡೆ ಮಾಡುತ್ತೇವೆ ಎಂದು ನಿಮ್ಮ ಕಚೇರಿ ಬರೆದುಕೊಡುವ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕೇ ಬೇಕು. ಕೊನೆಯ ವಾರದಲ್ಲಿ ಎನ್‌ಒಸಿಗಾಗಿ ಓಡಾಡಿ ಅರ್ಜಿಯೇ ತಪ್ಪಿಹೋದವರನ್ನು ನಾನು ಪ್ರತಿ ವರ್ಷ ನೋಡಿದ್ದೇನೆ, ಅದನ್ನು ಇವತ್ತೇ ಶುರು ಮಾಡಿ.

2024ರ ಜೂನ್ ಸುತ್ತಿನಿಂದ, ಇದೇ ಆಯೋಗದ ಅರ್ಹತಾ ಪರೀಕ್ಷೆಯಾದ ಯುಜಿಸಿ-ನೆಟ್‌ನ ಅಂಕಗಳನ್ನೇ ಪಿಎಚ್‌.ಡಿ. ಪ್ರವೇಶಕ್ಕೂ ಬಳಸಲು ಅವಕಾಶವಾಗಿದೆ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಗದಿದ್ದರೂ ಪ್ರವೇಶಕ್ಕೆ ಅರ್ಹರಾದವರಿಗೆ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕವಿರುತ್ತದೆ, ಆ ಅಂಕ ಒಂದು ವರ್ಷ ಮಾತ್ರ ನಡೆಯುತ್ತದೆ. ನೆಟ್‌ನಲ್ಲಿ ಸಾಮಾಜಿಕ ವೈದ್ಯಶಾಸ್ತ್ರ ಮತ್ತು ಸಮುದಾಯ ಆರೋಗ್ಯ ಎಂಬ ವಿಷಯವಿದೆ. ಜೆಆರ್‌ಎಫ್‌ಗೆ ವಯೋಮಿತಿ 30, ಮಹಿಳೆಯರಿಗೆ 5 ವರ್ಷದ ಸಡಿಲಿಕೆಯಿದೆ, ಅಂದರೆ ನಿಮಗೆ ಬಾಗಿಲು ಇನ್ನೇನು ಮುಚ್ಚುವುದರಲ್ಲಿದೆ. ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಬರುತ್ತದೆ, ಆದರೆ ಆಗ ಸಂಬಳದ ಕೆಲಸ ಇಟ್ಟುಕೊಳ್ಳುವಂತಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ನಿಮ್ಹಾನ್ಸ್, ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ ಇವುಗಳ ಪ್ರಕಟಣೆಗಳು ಬೇರೆಬೇರೆಯಾಗಿಯೇ ಬರುತ್ತವೆ, ಒಂದೊಂದನ್ನೂ ಪೂರ್ತಿ ಓದಿ.

ಹೊಸನಗರದ ಸಂಶೋಧನಾ ವಿದ್ಯಾರ್ಥಿ

ಗೈಡ್ ವಿಚಾರ ಉಳಿದಿತ್ತು. ಸಂಸ್ಥೆಯ ನಿಯಮ ಅಡ್ಡಿಯಾಗದಿದ್ದರೆ ಅರ್ಜಿಗೆ ಮುನ್ನವೇ ಬರೆಯಿರಿ. ಒಬ್ಬ ಪ್ರಾಧ್ಯಾಪಕರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ವಿದ್ಯಾರ್ಥಿಗಳನ್ನು ಮಾತ್ರ ತೆಗೆದುಕೊಳ್ಳಬಹುದಾದ್ದರಿಂದ, ಅವರಲ್ಲಿ ಜಾಗ ಖಾಲಿಯಿದೆಯೇ ಎಂಬುದೇ ಮೊದಲ ವಿಚಾರಣೆಯಾಗಬೇಕು. ಅವರ ಕೈಕೆಳಗೆ ಮುಗಿದ ಪ್ರಬಂಧಗಳು ‘ಶೋಧಗಂಗಾ’ ಎಂಬ ಆನ್‌ಲೈನ್ ಪ್ರಬಂಧ ಭಂಡಾರದಲ್ಲಿ ಸಿಗುತ್ತವೆ, ಒಂದನ್ನಾದರೂ ವಿಧಾನದ ಅಧ್ಯಾಯದವರೆಗೆ ಓದಿಕೊಳ್ಳಿ. ಪತ್ರ ಒಂದು ಪುಟ ಮೀರದಿರಲಿ. ‘ಬಾಲ್ಯದಿಂದಲೂ ಸಂಶೋಧನೆಯಲ್ಲಿ ಆಸಕ್ತಿ’ ಎಂದು ಆರಂಭಿಸದೆ, ಸೀಲು ಒಡೆಯದ ಆ ಬಾಟಲಿಯಿಂದಲೇ ಆರಂಭಿಸಿ.

ತೀರ್ಥಹಳ್ಳಿಯ ಶುಶ್ರೂಷಕಿ

ಎಲ್ಲರಿಗೂ ಧನ್ಯವಾದಗಳು. ಎನ್‌ಒಸಿಯ ಮನವಿಯನ್ನು ಸೋಮವಾರ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಗೆ ಕೊಡುತ್ತೇನೆ. ಸರ್ ಬರೆದುಕೊಟ್ಟ ಪ್ರಶ್ನೆಯನ್ನು ಓದಿದ ಮೇಲೆ ಹಳೆಯ ವಿತರಣಾ ವಹಿಯನ್ನು ಮತ್ತೆ ತೆರೆದು ನೋಡಿದೆ. ‘ಪಡೆದವರ ಸಹಿ’ ಎಂಬ ಕಾಲಂನಲ್ಲಿ ಬಹುಪಾಲು ಗಂಡಸರ ಸಹಿಗಳೇ ಇವೆ, ತರಗೆಲೆಗೆ ಹೋಗುವವರು ಹೆಂಗಸರು. ಬಾಟಲಿ ಯಾರ ಕೈಗೆ ಸೇರಿತು ಎಂಬುದನ್ನೂ ಪ್ರಶ್ನೆಯೊಳಗೆ ತರಬಹುದೇ? ವಹಿಯ ಫೋಟೊ ಬೇಕಾದರೆ ಇಲ್ಲೇ ಹಾಕುತ್ತೇನೆ.

ನಿವೃತ್ತ ಪ್ರಾಧ್ಯಾಪಕ, ಸಾಗರ

ಖಂಡಿತ ತನ್ನಿ, ಅದು ನನ್ನ ಪ್ರಶ್ನೆಗಿಂತ ಚೆನ್ನಾಗಿದೆ. ಫೋಟೊ ಮಾತ್ರ ಇಲ್ಲಿ ಹಾಕಬೇಡಿ, ಗೈಡ್‌ಗೂ ಕಳುಹಿಸಬೇಡಿ. ಅದರಲ್ಲಿ ಜನರ ಹೆಸರು, ಸಹಿಗಳಿವೆ, ವಹಿ ಇಲಾಖೆಯದ್ದು. ಇಲಾಖೆಯ ಅನುಮತಿ ಮತ್ತು ನೈತಿಕ ಸಮಿತಿಯ ಒಪ್ಪಿಗೆ ಕೈಗೆ ಬರುವವರೆಗೆ ಅದು ಉಪಕೇಂದ್ರದ ಬೀರುವಿನಲ್ಲೇ ಇರಲಿ.