ಮರಾಠಿ ‘ಅನುಮಾನ’, ಕನ್ನಡ ‘ಅನುಮಾನ’: ಅರ್ಥ ಬೇರೆ ಯಾಕೆ?

ಪ್ರಶ್ನೆ (ಡೊಂಬಿವಲಿ): ಮರಾಠಿಯಲ್ಲಿ ‘ಅನುಮಾನ’ ಅಂದ್ರೆ ಊಹಿಸಿ ತೆಗೆದ ತೀರ್ಮಾನ, ನಮ್ಮಲ್ಲಿ ಸಂದೇಹ. ಪದ ಒಂದೇ ಅಲ್ವಾ? ಅನುವಾದ ಮಾಡುವಾಗ ಏನು ಹಾಕಬೇಕು?

ಉತ್ತರ (ಮಾಟುಂಗಾ): ಒಂದೇ. ಸಂಸ್ಕೃತದ ‘ಅನು’ ಅಂದರೆ ಅನುಸರಿಸಿ, ‘ಮಾನ’ ಅಂದರೆ ಅಳತೆ. ನ್ಯಾಯಶಾಸ್ತ್ರದ (ಕಾನೂನಲ್ಲ, ಪ್ರಾಚೀನ ಭಾರತೀಯ ತರ್ಕದರ್ಶನ) 4 ಪ್ರಮಾಣಗಳಲ್ಲಿ, ಅಂದರೆ ಸರಿಯಾದ ಅರಿವು ಪಡೆಯುವ ದಾರಿಗಳಲ್ಲಿ, ಅನುಮಾನವೂ ಒಂದು: ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ತಿಳಿಯುವುದು. ಅಂದರೆ ಅದು ಅರಿವಿನ ದಾರಿ, ಡೋಲಾಯಮಾನ ಸ್ಥಿತಿ ಅಲ್ಲವೇ ಅಲ್ಲ. ಮಬ್ಬಿನಲ್ಲಿ ಕಂಡದ್ದು ಮೋಟುಮರವೋ ಮನುಷ್ಯನೋ ಎಂಬ ಹೊಯ್ದಾಟಕ್ಕೆ ಅಲ್ಲಿನ ಹೆಸರು ಸಂಶಯ. ಕಣ್ಣಾರೆ ಕಾಣದ್ದು ಅನ್ನೋ ಅಂಶವೇ ಕನ್ನಡದಲ್ಲಿ ಮುಂದೆ ಬಂದು ‘ಖಾತ್ರಿ ಇಲ್ಲ’ ಎಂದಾಯಿತು ಅಂತ ನನಗನಿಸುತ್ತೆ. ‘ಅವನೇ ಕದ್ದ ಅಂತ ಅನುಮಾನ’ ಅನ್ನಿ, ಊಹೆ, ಸಂದೇಹ ಎರಡೂ ಈಗಲೂ ಒಟ್ಟಿಗೇ ಇವೆ.

ಉತ್ತರ (ಪುಣೆ): ‘ನಾಳೆ ಬರೋದು ಅನುಮಾನ’ ಅನ್ನೋದಕ್ಕೆ ಮರಾಠಿಯಲ್ಲಿ ‘ಶಂಕಾ ಆಹೇ’ ಹಾಕಿ; ವ್ಯಕ್ತಿಯ ಮೇಲಿನ ಅನುಮಾನಕ್ಕೆ ‘ಸಂಶಯ’. ತಿರುಗಿಸಿದರೂ ಎಚ್ಚರ: ವಿಜ್ಞಾನದ ಪ್ರಯೋಗದಲ್ಲಿ ‘ನಿರೀಕ್ಷಣ’ದ (ಗಮನಿಸಿದ್ದು) ಪಕ್ಕ ಮರಾಠಿಯಲ್ಲಿ ಬರೆಯುವ ‘ಅನುಮಾನ’ ಕನ್ನಡಕ್ಕೆ ‘ತೀರ್ಮಾನ’. ಹಾಗೇ ಬಿಟ್ಟರೆ ಇಡೀ ಪ್ರಯೋಗವೇ ಸಂದೇಹಾಸ್ಪದ ಆಗಿಬಿಡುತ್ತೆ! ಅಂದಹಾಗೆ, ‘ಗುಮಾನಿ’ ಅನುಮಾನದಿಂದ ಹುಟ್ಟಿದ್ದಲ್ಲ, ಪಾರಸಿಯ ‘ಗುಮಾನ್’.