ಕುಡು, ಇಲ್ಯಾಂಡ್, ಇಂಪಾಲ: ಇವು ಜಿಂಕೆಗಳೇ, ಹುಲ್ಲೆಗಳೇ?

ಮಾನ್ಯರೇ,

ದಕ್ಷಿಣ ಆಫ್ರಿಕಾದ ಕಾಡುಪ್ರಾಣಿಗಳ ಬಗ್ಗೆ ಮಕ್ಕಳಿಗಾಗಿ ಒಂದು ಬರಹ ಸಿದ್ಧಪಡಿಸುತ್ತಿದ್ದೇನೆ. ಮೊದಲ ಪುಟದಲ್ಲೇ ತೊಡಕು ಎದುರಾಯಿತು. ಇಂಪಾಲ, ಕುಡು, ಸ್ಪ್ರಿಂಗ್‌ಬಾಕ್ ಎಲ್ಲವನ್ನೂ ನಾವು ‘ಆಫ್ರಿಕಾದ ಜಿಂಕೆ’ ಎಂದು ಬರೆದುಬಿಡುತ್ತೇವೆ. ಆದರೆ ಸಹಾರಾದಿಂದ ದಕ್ಷಿಣಕ್ಕೆ ಆ ನೆಲದ್ದೇ ಆದ ಜಿಂಕೆ ಒಂದೂ ಇಲ್ಲ! ನಮ್ಮ ಜಿಂಕೆ, ಕಡವೆಗಳ ಗಂಡಿಗೆ ಕವಲೊಡೆದ ಕೊಂಬು. ಅದು ಉದುರಿ ಮತ್ತೆ ಮೂಡುತ್ತದೆ. ಕುಡುವಿನ ಕೊಂಬಿಗೆ ಕವಲಿಲ್ಲ, ಅದು ಉದುರುವುದೂ ಇಲ್ಲ. ಒಳಗೆ ಎಲುಬು, ಮೇಲೆ ಉಗುರಿನಂಥ ಗಟ್ಟಿ ಹೊದಿಕೆ, ಹಸು ಮತ್ತು ಆಡುಗಳಿಗೆ ಇರುವ ಹಾಗೆಯೇ. ಅದರ ನಂಟೂ ದನದ ಕುಟುಂಬದೊಂದಿಗೇ.

ಇಂಗ್ಲಿಷಿನಲ್ಲಿ ‘ಆಂಟಿಲೋಪ್’ ಎನ್ನುವ ಈ ಗುಂಪಿನವು ನಮ್ಮಲ್ಲೂ ಇವೆ: ಕೃಷ್ಣಮೃಗ, ನಾಲ್ಕು ಕೊಂಬಿನ ಕೊಂಡಕುರಿ. ಹಳಗನ್ನಡದ ‘ಪುಲ್ಲೆ’ಯಿಂದ ಬಂದ ‘ಹುಲ್ಲೆ’ ಎಂಬ ಚೆಂದದ ಪದ ಕೈಯಲ್ಲೇ ಇರುವಾಗ ಇಡೀ ಗುಂಪಿಗೆ ಅದನ್ನೇ ಏಕೆ ನಿಲ್ಲಿಸಬಾರದು? ಉತ್ತರ ಕರ್ನಾಟಕದ ‘ಚಿಗರೆ’ ನನಗೆ ಇನ್ನೂ ಪ್ರಿಯ, ಆದರೆ ಅದನ್ನು ಕೃಷ್ಣಮೃಗಕ್ಕೇ ಬಿಡುವುದು ಲೇಸು. ಹಳೆಯ ಕಾವ್ಯಗಳ ‘ಎರಳೆ’ ಇಂದಿನ ಮಕ್ಕಳಿಗೆ ದೂರವಾಯಿತು.

ಪರನಾಡಿನ ಪ್ರಾಣಿಗೆ ಗೊತ್ತಿರುವ ಹೆಸರು ಅಂಟಿಸುವುದು ನಮ್ಮೊಬ್ಬರ ಚಾಳಿಯಲ್ಲ. 1652ರಲ್ಲಿ ದಕ್ಷಿಣ ಆಫ್ರಿಕಾದ ತುದಿಯ ಕೇಪ್‌ನಲ್ಲಿ ನೆಲೆಯೂರಿದ ಡಚ್ಚರು ಅಲ್ಲಿನ ಅತಿ ದೊಡ್ಡ ಹುಲ್ಲೆಯನ್ನು ‘ಇಲ್ಯಾಂಡ್’ ಎಂದರು. ಅವರ ಭಾಷೆಯಲ್ಲಿ ಅದು ಯುರೋಪಿನ ಉತ್ತರದ ಕಾಡುಗಳಲ್ಲಿರುವ ಭಾರೀ ಜಿಂಕೆಯ ಹೆಸರು. ಆಫ್ರಿಕಾದ್ದೋ, ಹೆಣ್ಣಿಗೂ ಗಂಡಿಗೂ ಕೊಂಬಿರುವ, ದೊಡ್ಡ ಗಂಡಾದರೆ 700 ಕಿಲೋ ಮೀರುವ, ಎತ್ತಿನಂತೆ ಗಂಗೆದೊಗಲು ಜೋಲುವ ಪ್ರಾಣಿ. ‘ವಿಲ್ಡಬೀಸ್ಟ್’ ಕೂಡ ಅವರದೇ, ಕಾಡುದನ ಎಂಬ ಅರ್ಥದ್ದು. ಅದನ್ನು ಕನ್ನಡದಲ್ಲಿ ‘ಕಾಡುಕೋಣ’ ಎಂದು ಬರೆದದ್ದನ್ನು ಓದಿ ನೊಂದಿದ್ದೇನೆ. ಕಾಡುಕೋಣವೆಂದರೆ ನಮ್ಮ ಮಲೆನಾಡಿನ ಕಾಟಿ. ವಿಲ್ಡಬೀಸ್ಟ್ ಎಷ್ಟೇ ದನದಂತೆ ಕಂಡರೂ ಹುಲ್ಲೆಗಳ ಗುಂಪಿನದೇ.

ಆದ್ದರಿಂದ ಗುಂಪಿಗೆ ಕನ್ನಡದ ಪದ, ಒಂದೊಂದು ಪ್ರಾಣಿಗೆ ಅಲ್ಲಿಯದೇ ಹೆಸರು, ಇದು ನನ್ನ ನಿಲುವು. ‘ಇಂಪಾಲ’ ಜುಲು ಭಾಷೆಯದು, ನಮ್ಮ ನಾಲಿಗೆಗೆ ಸಲೀಸು. ‘ಕುಡು’ವಂತೂ ಕನ್ನಡವೇ ಅನ್ನಿಸುತ್ತದೆ. ಕುಡುಗೋಲಿನ ‘ಕುಡು’ ಎಂದರೆ ಬಾಗಿದ್ದು, ಡೊಂಕಾದದ್ದು. ಬೆಳೆದ ಗಂಡು ಕುಡುವಿನ ಕೊಂಬು ಎರಡೂವರೆ ಸುತ್ತು ತಿರುಚಿಕೊಂಡಿರುತ್ತದೆ. ಬರಿಯ ಕಾಕತಾಳೀಯ, ಹೆಸರು ಅಲ್ಲಿನ ಮೂಲನಿವಾಸಿಗಳಾದ ಖೋಯ್‌ಖೋಯ್ ಜನರ ನುಡಿಯಿಂದ ಬಂದದ್ದು. ಆದರೂ ಮಕ್ಕಳ ನೆನಪಿನಲ್ಲಿ ಉಳಿಯಲು ಇದಕ್ಕಿಂತ ಒಳ್ಳೆಯ ಕೊಂಡಿ ಸಿಗದು.

ಬಲ್ಲವರಲ್ಲಿ ಇನ್ನೊಂದು ಪ್ರಶ್ನೆ. ಉದುರುವ ಕವಲುಗೊಂಬಿಗೂ ಉದುರದ ಕೊಂಬಿಗೂ ನಿಮ್ಮ ಊರಿನ ಮಾತಿನಲ್ಲಿ ಬೇರೆ ಬೇರೆ ಹೆಸರುಗಳಿವೆಯೇ? ಇಲ್ಲವಾದರೆ, ಮರದ ಕೊಂಬೆಯನ್ನು ನೆನಪಿಸುವ ‘ಕೊಂಬು’ ಜಿಂಕೆಗೂ ‘ಕೋಡು’ ಹುಲ್ಲೆಗೂ ಎಂದು ಹಂಚಿಕೊಂಡರೆ ಒಪ್ಪುತ್ತೀರಾ?