ನುಡಿ, ಪೇಜ್‌ಮೇಕರ್, ಟ್ಯಾಲಿ: ಲಿನಕ್ಸ್‌ಗೆ ಬಂದವರು ಇವನ್ನು ಹೇಗೆ ಓಡಿಸುತ್ತಿದ್ದೀರಿ?

ತಿಪಟೂರು, ಡಿಟಿಪಿ ಅಂಗಡಿ

ಎಲ್ಲರಿಗೂ ನಮಸ್ಕಾರ. ತಿಪಟೂರಿನಲ್ಲಿ ಹದಿನಾರು ವರ್ಷದಿಂದ ಡಿಟಿಪಿ, ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಮದುವೆ ಪತ್ರಿಕೆ, ವೈಕುಂಠ ಸಮಾರಾಧನೆ ಕಾರ್ಡು, ಅಫಿಡವಿಟ್ಟು, ಹಾಲಿನ ಡೇರಿಯ ವಾರ್ಷಿಕ ವರದಿ, ಇವೇ ನನ್ನ ಕೆಲಸ. ಸಂಜೆ ಹೊತ್ತು ಒಂದು ಕೊಬ್ಬರಿ ಮಂಡಿಯ ಲೆಕ್ಕವನ್ನೂ ನೋಡಿಕೊಳ್ಳುತ್ತೇನೆ. ಕಂಪ್ಯೂಟರ್ 2014ರಲ್ಲಿ ಕೊಂಡದ್ದು, ರ‍್ಯಾಮ್ 4 ಜಿಬಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಈ ಮಷೀನಿಗೆ ಹತ್ತುವುದಿಲ್ಲ. ಹೊಸದು ಕೊಳ್ಳುವುದು ಈ ವರ್ಷ ಆಗದ ಮಾತು. ತಂಗಿಯ ಮಗ ಹಬ್ಬಕ್ಕೆ ಬಂದಾಗ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆ ಹಾಕಿಕೊಟ್ಟು ಹೋದ. ಮಷೀನು ಚುರುಕಾಗಿದೆ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಕನ್ನಡ ಟೈಪಿಸುವ ನುಡಿ, ಪುಟ ಜೋಡಿಸುವ ಪೇಜ್‌ಮೇಕರ್ 7, ಲೆಕ್ಕ ಬರೆಯುವ ಟ್ಯಾಲಿ, ಈ ಮೂರು ವಿಂಡೋಸ್ ಪ್ರೋಗ್ರಾಂ ಇಲ್ಲದೆ ನನ್ನ ಅಂಗಡಿ ನಡೆಯುವುದಿಲ್ಲ. ವೈನ್ ಹಾಕಿಕೊಂಡರೆ ವಿಂಡೋಸ್ ಪ್ರೋಗ್ರಾಂಗಳು ಓಡುತ್ತವೆ ಎಂದರು, ಹಾಕಿದೆ. ಪೇಜ್‌ಮೇಕರ್‌ನ ಸೆಟಪ್ ಮೇಲೆ ಎಷ್ಟು ಕ್ಲಿಕ್ ಮಾಡಿದರೂ ಏನೂ ತೆರೆಯುವುದಿಲ್ಲ. ಹದಿನಾರು ವರ್ಷದ ಫೈಲುಗಳೆಲ್ಲ ನುಡಿ ಅಕ್ಷರದಲ್ಲಿವೆ, ಅವನ್ನು ಕಳೆದುಕೊಳ್ಳಲಾರೆ. ಈ ದಾರಿಯಲ್ಲಿ ನಡೆದವರು ನಿಮ್ಮ ಅನುಭವ ಹೇಳಿ, ದಯವಿಟ್ಟು.

ಶಿವಮೊಗ್ಗ, ಸೈಬರ್ ಸೆಂಟರ್

ಅಕ್ಕ, ಬೇರೆಲ್ಲ ಆಮೇಲೆ. ಹಳೇ ಫೈಲುಗಳ ಕಾಪಿ ಬೇರೆ ಹಾರ್ಡ್ ಡಿಸ್ಕಿನಲ್ಲಿ ಇದೆಯಾ? ಇಲ್ಲದಿದ್ದರೆ ಇವತ್ತೇ ಮಾಡಿ. ಫಾಂಟ್‌ಗಳ ಫೋಲ್ಡರನ್ನೂ ಸೇರಿಸಿ. ಫೈಲು ಉಳಿದು ಫಾಂಟ್ ಹೋದರೆ ನುಡಿಯಲ್ಲಿ ಮಾಡಿದ ಹಳೇ ಕೆಲಸವೆಲ್ಲ ಓದಲಾಗದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ.

ಸಾಗರ, ಪುಸ್ತಕ ಪುಟವಿನ್ಯಾಸ ಮಾಡುವವರು

ಮೇಡಂ, ನಾನು ಆರು ವರ್ಷದ ಹಿಂದೆ ನೀವು ಈಗ ನಿಂತಿರುವ ಜಾಗದಲ್ಲೇ ನಿಂತಿದ್ದೆ. ಮೊದಲ ತಿಂಗಳು ಎಲ್ಲವನ್ನೂ ವೈನ್‌ನೊಳಗೆ ತುರುಕಲು ಹೋಗಿ ರಾತ್ರಿಯೆಲ್ಲ ಕೂತೆ. ನಿಮಗೆ ಆ ತಿಂಗಳು ಉಳಿಯಲಿ ಎಂದು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ವೈನ್ ಎಂದರೆ ಕಂಪ್ಯೂಟರಿನೊಳಗೆ ಕೂರಿಸಿದ ಇನ್ನೊಂದು ವಿಂಡೋಸ್ ಅಲ್ಲ. ವಿಂಡೋಸ್ ಪ್ರೋಗ್ರಾಂ 'ಫೈಲ್ ತೆರೆ, ಕಿಟಕಿ ಬರೆ' ಎಂದು ಕೇಳಿದಾಗ ಅದನ್ನು ಲಿನಕ್ಸ್‌ಗೆ ತಿಳಿಯುವ ಮಾತಿಗೆ ತಿರುಗಿಸುವ ದುಭಾಷಿ ಅದು. 1993ರಲ್ಲಿ ಶುರುವಾದ ಕೆಲಸ, 1.0 ಆವೃತ್ತಿ ಬಂದದ್ದು 2008ರಲ್ಲಿ. ಒಂದು ಮಾತನ್ನು ತಿರುಗಿಸಲು ಅದಕ್ಕೆ ಬರದಿದ್ದರೆ ಪ್ರೋಗ್ರಾಂ ಅಲ್ಲಿಗೇ ನಿಲ್ಲಬಹುದು. ವಿಂಡೋಸ್‌ನ ಪ್ರಿಂಟರ್ ಡ್ರೈವರ್, ಸ್ಕ್ಯಾನರ್ ಡ್ರೈವರ್‌ಗಳನ್ನು ವೈನ್ ಓಡಿಸುವುದೇ ಇಲ್ಲ. ಆದ್ದರಿಂದ ಪ್ರಿಂಟರ್ ಮೊದಲು ಲಿನಕ್ಸ್‌ನಲ್ಲಿ ಕೆಲಸ ಮಾಡಬೇಕು. ಅಲ್ಲಿ ಆಯಿತೆಂದರೆ ವೈನ್‌ನೊಳಗಿನ ಪ್ರೋಗ್ರಾಂಗೂ ಅದೇ ಪ್ರಿಂಟರ್ ಕಾಣುತ್ತದೆ.

ಈಗ ನುಡಿ. ನಿಮಗೆ ಬೇಕಿರುವುದು ನುಡಿ ಎಂಬ ಪ್ರೋಗ್ರಾಮೋ, ಬೆರಳಿಗೆ ಕೂತಿರುವ ಕೀಲಿ ವಿನ್ಯಾಸವೋ? ಬಹುತೇಕರಿಗೆ ಎರಡನೆಯದು. ವಿಂಡೋಸ್‌ನಲ್ಲಿ ನುಡಿ ಹಿಂದೆ ಕೂತು ಕೀಲಿಗಳನ್ನು ಹಿಡಿದು ಕನ್ನಡ ಮಾಡಿಕೊಡುತ್ತದೆ. ವೈನ್‌ನೊಳಗೆ ಕೂತ ಪ್ರೋಗ್ರಾಮಿನ ಕೈ ವೈನ್‌ನ ಕಿಟಕಿಗಳಾಚೆ ಚಾಚುವುದಿಲ್ಲ. ಲಿನಕ್ಸ್‌ನ ಲಿಬ್ರೆಆಫೀಸ್‌ಗೋ (ವರ್ಡ್ ಥರದ ಉಚಿತ ಪ್ರೋಗ್ರಾಂ) ಫೈರ್‌ಫಾಕ್ಸ್‌ಗೋ ಅದು ತಲುಪಲಾರದು. ಆದರೆ ಕೆ.ಪಿ. ರಾವ್ ಅವರು ರೂಪಿಸಿದ ಆ ವಿನ್ಯಾಸ ಲಿನಕ್ಸ್‌ನಲ್ಲಿ ಮೊದಲಿಂದಲೇ ಇದೆ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಕನ್ನಡ ಟೈಪಿಸಲು ಬೇಕಾದ ಐಬಸ್ ಮತ್ತು ಎಂ17ಎನ್ ಪ್ಯಾಕೇಜ್ ಹಾಕಿಕೊಂಡು, ಒಮ್ಮೆ ಲಾಗೌಟ್ ಆಗಿ ಬಂದು, ಕನ್ನಡದ ಕೆಳಗೆ ಕೆಜಿಪಿ ಆರಿಸಿ, ಆ ವಿನ್ಯಾಸಕ್ಕೆ ಅಲ್ಲಿರುವ ಹೆಸರು ಅದು. ಎಫ್ ಕೀಲಿ ಒತ್ತಿದರೆ ಒತ್ತಕ್ಷರ, ನಿಮ್ಮ ಬೆರಳಿಗೆ ಗೊತ್ತಿರುವ ಹಾಗೆಯೇ. ನನಗೆ ಮೊದಲ ದಿನ ಇದು ಸಿಕ್ಕಿದ್ದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತಿತ್ತು.

ಹಳೇ ಫೈಲುಗಳ ವಿಷಯ. ನುಡಿ ಫಾಂಟ್‌ಗಳನ್ನು ಹೋಮ್ ಫೋಲ್ಡರಿನಲ್ಲಿ ಫಾಂಟ್ಸ್ ಎಂಬ ಅಡಗಿದ ಫೋಲ್ಡರ್ ಮಾಡಿ (ಹೆಸರಿನ ಮೊದಲಿಗೆ ಒಂದು ಚುಕ್ಕಿ, ಇಂಗ್ಲಿಷಿನಲ್ಲಿ .fonts) ಅದರೊಳಗೆ ಹಾಕಿ. ಕಂಟ್ರೋಲ್ ಎಚ್ ಒತ್ತಿದರೆ ಅಡಗಿದ ಫೋಲ್ಡರುಗಳು ಕಾಣುತ್ತವೆ. ಆಮೇಲೆ ಹಳೇ ವರ್ಡ್ ಫೈಲನ್ನು ಲಿಬ್ರೆಆಫೀಸ್‌ನಲ್ಲಿ ತೆರೆಯಿರಿ, ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಅದನ್ನು ತಿದ್ದಿ ಮರುಬಳಕೆ ಮಾಡಬೇಕಾದರೆ ಯೂನಿಕೋಡ್‌ಗೆ (ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತ) ಪರಿವರ್ತಿಸಿ, ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಕಣ್ಣಿಟ್ಟು ಓದಲೇಬೇಕು. ಹಳೇ ನುಡಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿಕೊಂಡಿರುವುದರಿಂದ ನಡುವೆ ಬಂದ ನಿಜವಾದ ಇಂಗ್ಲಿಷ್ ಪದವೂ ಕನ್ನಡವೆಂದೇ ತಿಳಿದು ಕೆಡುತ್ತದೆ. ಅರ್ಕಾವತ್ತು ಬಂದ ಕಡೆ, 'ರ‍್ಯಾಂಕ್' ಥರದ ಪದ ಬಂದ ಕಡೆ ಎರಡು ಸಲ ನೋಡಿ. ಡೇರಿಯ ವರದಿಯಲ್ಲಿ ಸದಸ್ಯರ ಹೆಸರು ಕೆಟ್ಟರೆ ಅವರಿಗೂ ಬೇಸರ, ನಿಮಗೂ ಬೇಸರ.

ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಗೊತ್ತೇ ಇಲ್ಲ. ಹಳೇ ಫೈಲುಗಳನ್ನು ತೆರೆದು ನೋಡಲು, ಮತ್ತೆ ಪ್ರಿಂಟ್ ತೆಗೆಯಲು ಅದನ್ನು ಇಟ್ಟುಕೊಳ್ಳಿ. ಹೊಸ ಕೆಲಸವನ್ನು ಸ್ಕ್ರೈಬಸ್ ಎಂಬ ಉಚಿತ ಪುಟವಿನ್ಯಾಸ ಪ್ರೋಗ್ರಾಂಗೆ ತನ್ನಿ. 2024ರ ಜನವರಿಯಲ್ಲಿ ಬಂದ 1.6ರಿಂದ ಅದರ ಸ್ಥಿರ ಆವೃತ್ತಿಯಲ್ಲೇ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ಅದಕ್ಕೆ ಮುಂಚಿನ ಹಳೇ ಆವೃತ್ತಿ ನೋಡಿ 'ಕನ್ನಡ ಬರಲ್ಲ' ಎಂದು ಕೈಬಿಟ್ಟವರು ಇನ್ನೊಮ್ಮೆ ನೋಡಲಿ. ಲಿಬ್ರೆಆಫೀಸ್ ಡ್ರಾ ಕೂಡ ಪೇಜ್‌ಮೇಕರ್ ಫೈಲನ್ನು ತೆರೆಯುತ್ತದೆ, ವಿನ್ಯಾಸ ಅಲ್ಲಲ್ಲಿ ಜರುಗಿದರೂ ಪಠ್ಯ ಕೈಗೆ ಸಿಗುತ್ತದೆ.

ನಿಮ್ಮ ಸೆಟಪ್ ಏಕೆ ತೆರೆಯುತ್ತಿಲ್ಲ ಎಂದು ಈಗಿನ ವಿವರದಿಂದ ಹೇಳಲಾಗದು. ಟರ್ಮಿನಲ್ (ಆಜ್ಞೆ ಟೈಪಿಸುವ ಕಿಟಕಿ) ತೆರೆದು, ಇಂಗ್ಲಿಷಿನಲ್ಲಿ ವೈನ್ (wine) ಎಂದು ಟೈಪಿಸಿ ಒಂದು ಜಾಗ ಬಿಟ್ಟು, ಸೆಟಪ್ ಫೈಲನ್ನು ಎಳೆದು ಅಲ್ಲೇ ಬಿಟ್ಟು, ಎಂಟರ್ ಒತ್ತಿ. ಅಲ್ಲಿ ಏನು ಬರುತ್ತದೋ ಅಷ್ಟನ್ನೂ ಇಲ್ಲಿ ಹಾಕಿ. ಜೊತೆಗೆ ಮಿಂಟ್ ಯಾವ ಆವೃತ್ತಿ, ವೈನ್ ಯಾವ ಆವೃತ್ತಿ, ಇವೆರಡನ್ನೂ ಬರೆಯಿರಿ.

ಚಾಮರಾಜನಗರ, ಶಾಲಾ ಗ್ರಂಥಪಾಲಕರು

ಸಾಗರದವರು ಹೇಳಿದ ಟರ್ಮಿನಲ್ ಮಾತಿಗೆ ನನ್ನದೂ ಒಂದಿಷ್ಟು. ಅಲ್ಲಿ ಪುಟಗಟ್ಟಲೆ ಸಾಲು ಬಂದಾಗ ಹೆದರಬೇಡಿ. 'ಫಿಕ್ಸ್‌ಮಿ' (fixme) ಎಂದು ಶುರುವಾಗುವ ಸಾಲುಗಳು ಬಹುಪಾಲು ವೈನ್ ಕಟ್ಟುವವರು ತಮಗೇ ಬರೆದುಕೊಂಡ ಟಿಪ್ಪಣಿ. 'ಇಆರ್‌ಆರ್' (err) ಎಂದು ಶುರುವಾಗುವ ಸಾಲು ಹುಡುಕಿ, ದೋಷ ಅಲ್ಲಿರುತ್ತದೆ. ನಮ್ಮ ಶಾಲೆಯ ಹಳೇ ಪುಸ್ತಕ ಪಟ್ಟಿಯ ಪ್ರೋಗ್ರಾಂ ತೆರೆಯದೇ ಇದ್ದಾಗ ಅಲ್ಲಿ ಸ್ಪಷ್ಟವಾಗಿ ಎಂಎಫ್‌ಸಿ42 ಎಂಬ ಡಿಎಲ್‌ಎಲ್ (ಪ್ರೋಗ್ರಾಂಗೆ ಬೇಕಾದ ಸಹಾಯಕ ಫೈಲು) ಸಿಗಲಿಲ್ಲ ಎಂದು ಬರೆದಿತ್ತು. ಇಂಥ ಫೈಲುಗಳನ್ನು ತಂದು ಹಾಕಿಕೊಡುವ ವೈನ್‌ಟ್ರಿಕ್ಸ್‌ನಲ್ಲಿ ಅದೇ ಹೆಸರಿನ ಸಾಲಿಗೆ ಗುರುತು ಹಾಕಿ ಒತ್ತಿದೆ, ಐದು ನಿಮಿಷದಲ್ಲಿ ಪ್ರೋಗ್ರಾಂ ತೆರೆಯಿತು. ಎರಡು ವಾರ ಒದ್ದಾಡಿದ್ದೆ ಅದಕ್ಕೆ.

ಕಂಡಕಂಡ ಸೈಟಿನಿಂದ ಡಿಎಲ್‌ಎಲ್ ಇಳಿಸಿಕೊಂಡು ಹಾಕಬೇಡಿ. ವೈನನ್ನು ಸುಡೋ (ಮೇಲಧಿಕಾರ ಕೊಟ್ಟು ಓಡಿಸುವ ಆಜ್ಞೆ) ಹಾಕಿ ಓಡಿಸಬೇಡಿ, ಫೋಲ್ಡರಿನ ಒಡೆತನವೇ ಬದಲಾಗಿ ಆಮೇಲೆ ಏನೂ ಓಡುವುದಿಲ್ಲ. ವೈನ್‌ನೊಳಗೆ ಝಡ್ ಡ್ರೈವ್ ಅಂತ ಒಂದು ಕಾಣುತ್ತದೆ, ಅದು ನಿಮ್ಮ ಇಡೀ ಲಿನಕ್ಸ್ ಡಿಸ್ಕು. ಎಂದರೆ ವೈರಸ್ ಇರುವ ವಿಂಡೋಸ್ ಪ್ರೋಗ್ರಾಂ ಓಡಿಸಿದರೆ ಅದಕ್ಕೆ ನಿಮ್ಮ ಫೈಲುಗಳೂ ಸಿಗುತ್ತವೆ. ಗಿರಾಕಿಗಳ ಪೆನ್‌ಡ್ರೈವ್ ಬರುವ ಅಂಗಡಿ ನಿಮ್ಮದು, ಅದಕ್ಕೇ ಹೇಳುತ್ತಿದ್ದೇನೆ.

ಯಾವ ಪ್ರೋಗ್ರಾಂ ಎಷ್ಟು ಓಡುತ್ತದೆ ಎಂದು ವೈನ್‌ನವರದೇ ಪಟ್ಟಿ ಇದೆ. ಪ್ಲಾಟಿನಂ, ಗೋಲ್ಡ್, ಸಿಲ್ವರ್, ಬ್ರಾಂಜ್, ಗಾರ್ಬೇಜ್ ಎಂದು ದರ್ಜೆ ಕೊಟ್ಟಿರುತ್ತಾರೆ. ದರ್ಜೆ ನೋಡುವ ಮುಂಚೆ ಆ ಪರೀಕ್ಷೆ ಯಾವ ವರ್ಷ, ಯಾವ ವೈನ್‌ನಲ್ಲಿ ಮಾಡಿದ್ದು ಎಂದು ನೋಡಿಕೊಳ್ಳಿ.

ಹುಬ್ಬಳ್ಳಿ, ಲೆಕ್ಕಪತ್ರ ಬರೆಯುವವರು

ಅಕ್ಕಾರ, ಟ್ಯಾಲಿ ಬಗ್ಗೆ ನಾ ಹೇಳ್ತೀನ್ರಿ. ಮಂಡಿ ಲೆಕ್ಕ ಅಂದ್ರ ಇನ್ನೊಬ್ಬರ ರೊಕ್ಕದ ಲೆಕ್ಕ. ಅದರ ಮ್ಯಾಲೆ ವೈನ್ ಪ್ರಯೋಗ ಬ್ಯಾಡ. ವರ್ಚುವಲ್‌ಬಾಕ್ಸ್ ಹಾಕಿ ಅದರಾಗ ವಿಂಡೋಸ್ ಇಟ್ಕೊರಿ, ನಾ ನಾಲ್ಕು ವರ್ಷದಿಂದ ಹಂಗ ನಡೆಸೀನಿ. ಇದು ದುಭಾಷಿ ಅಲ್ರಿ, ನಿಜವಾದ ವಿಂಡೋಸ್ ಒಂದು ಕಿಟಕಿಯೊಳಗ ಓಡ್ತದ. ವಿಂಡೋಸ್ ಲೈಸೆನ್ಸ್ ಬೇಕಾಗ್ತದ, ಅದನ್ನ ಮರೀಬ್ಯಾಡ್ರಿ.

ನಿಮ್ಮ 4 ಜಿಬಿ ಸಾಲೂದಿಲ್ಲ. 2 ಜಿಬಿ ಒಳಗಿನ ವಿಂಡೋಸ್‌ಗೆ ಕೊಟ್ರ ಹೊರಗಿನ ಮಿಂಟ್ ಏದುಸಿರು ಬಿಡ್ತದ. ಹಳೇ ರ‍್ಯಾಮ್ ಸೆಕೆಂಡ್ ಹ್ಯಾಂಡ್ ಸಿಗ್ತದ, 8 ಜಿಬಿ ಮಾಡಿಸ್ರಿ. ಹಾರ್ಡ್ ಡಿಸ್ಕ್ ಬದಲಿಗೆ ಎಸ್‌ಎಸ್‌ಡಿ ಹಾಕಿಸಿದ್ರ ಇನ್ನೂ ಚಲೋ. ಬಯಾಸ್‌ನಾಗ (ಕಂಪ್ಯೂಟರ್ ಶುರುವಾಗೋ ಮುಂಚೆ ತೆರೆಯೋ ಸೆಟ್ಟಿಂಗ್) ವರ್ಚುವಲೈಸೇಶನ್ ಆನ್ ಮಾಡಿರ್ರಿ. ಯುಎಸ್‌ಬಿ ಸಾಧನ ಒಳಗ ಕಾಣಬೇಕಂದ್ರ ನಿಮ್ಮ ಯೂಸರ್ ಹೆಸರನ್ನ 'ವಿಬಾಕ್ಸ್‌ಯೂಸರ್ಸ್' (vboxusers) ಅನ್ನೋ ಗುಂಪಿಗೆ ಸೇರಿಸಬೇಕು. ಇದು ಗೊತ್ತಿಲ್ಲದ ನಾ ಒಂದು ದಿನ ಪೂರಾ ಕೇಬಲ್ ಬದಲಿಸ್ಕೋತ ಕೂತಿದ್ದೆ.

ಇನ್ನೊಂದು, ಇದನ್ನ ಗಟ್ಟಿಯಾಗಿ ನೆನಪಿಡ್ರಿ. ಸ್ನ್ಯಾಪ್‌ಶಾಟ್ ಅಂತ ಒಂದು ಸವಲತ್ತು ಅದ. ಏನರೆ ಕೆಟ್ರ ಹಿಂದಿನ ಸ್ಥಿತಿಗೆ ಮರಳಬಹುದು. ಆದ್ರ ಹಂಗ ಮರಳಿದ್ರ ಆಮೇಲೆ ಹೊಡೆದ ಎಂಟ್ರಿನೂ ಹೋಗ್ತಾವ. ನಾ ಒಮ್ಮೆ ಹನ್ನೊಂದು ದಿನದ ವೋಚರ್ ಕಳಕೊಂಡು, ಬಿಲ್ಲು ಹಿಡಕೊಂಡು ಮತ್ತ ಹೊಡದೀನಿ. ದಿನಾ ಸಂಜೀಕ ಟ್ಯಾಲಿ ಬ್ಯಾಕಪ್ ತೆಗೆದು ಶೇರ್ಡ್ ಫೋಲ್ಡರಿಗೆ ಹಾಕ್ರಿ, ಅದು ಮಿಂಟ್ ಕಡೆ ಉಳೀತದ. ಮತ್ತ ಇದನ್ನೆಲ್ಲ ಜಿಎಸ್‌ಟಿ 3ಬಿ ರಿಟರ್ನ್ ತುಂಬೋ 20ನೇ ತಾರೀಖಿನ ಹತ್ತಿರ ಮಾಡಬ್ಯಾಡ್ರಿ. ತಿಂಗಳ ಕೊನೀ ವಾರ ಹಿಡೀರಿ.

ತಿಪಟೂರು, ಡಿಟಿಪಿ ಅಂಗಡಿ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಕೃತಜ್ಞತೆ. ಮೊದಲು ಶಿವಮೊಗ್ಗದವರು ಹೇಳಿದ್ದನ್ನು ಮಾಡಿದೆ, ಎರಡು ಕಾಪಿ ಆಗಿದೆ, ಒಂದು ಮನೆಯಲ್ಲಿದೆ. ಕೆಜಿಪಿ ಆರಿಸಿಕೊಂಡು ನಿನ್ನೆ ಒಂದು ಅಫಿಡವಿಟ್ ಹೊಡೆದೆ. ಬೆರಳು ಎಲ್ಲೂ ತಡೆಯಲಿಲ್ಲ, ನನಗೆ ಕಣ್ಣಲ್ಲಿ ನೀರೇ ಬಂತು.

ಪೇಜ್‌ಮೇಕರ್ ಸೆಟಪ್ ಟರ್ಮಿನಲ್‌ನಿಂದ ಓಡಿಸಿದೆ. ಮಿಂಟ್ 22, ವೈನ್ 9.0. ವೈನ್32 ಇಲ್ಲದಂತೆ ಕಾಣುತ್ತದೆ, ಅದನ್ನು ಹಾಕಿಕೊಳ್ಳಬೇಕು ಎಂಬರ್ಥದ ಸಾಲು ಬಂತು. ಅದರ ಕೆಳಗೆ ಏನೋ ಆರ್ಕಿಟೆಕ್ಚರ್ ಸೇರಿಸಲು ಹೇಳುತ್ತಿದೆ. ಹಾಗೇ ಮಾಡಲೇ? ಏನಾದರೂ ಕೆಟ್ಟುಹೋದೀತೇ?

ಸಾಗರ, ಪುಸ್ತಕ ಪುಟವಿನ್ಯಾಸ ಮಾಡುವವರು

ಕೆಡುವುದಿಲ್ಲ ಮೇಡಂ, ಧೈರ್ಯವಾಗಿ ಮಾಡಿ. ನಿಮ್ಮ ಮಿಂಟ್ 64 ಬಿಟ್‌ನದು, ಪೇಜ್‌ಮೇಕರ್ 32 ಬಿಟ್ ಕಾಲದ್ದು. ಆ ಕಾಲದ ಪ್ರೋಗ್ರಾಂ ಓಡಿಸುವ ವೈನ್‌ನ ಭಾಗವನ್ನು ಬೇರೆಯಾಗಿ ಹಾಕಬೇಕು, ಅದನ್ನೇ ಅದು ಕೇಳುತ್ತಿದೆ. ಸೂಚಿಸಿದ ಸಾಲುಗಳನ್ನು ಹಾಗೇ ಕಾಪಿ ಮಾಡಿ ಓಡಿಸಿ. ಇದಕ್ಕೆ ಮಾತ್ರ ಸುಡೋ ಬೇಕು, ಏಕೆಂದರೆ ಇಲ್ಲಿ ಪ್ಯಾಕೇಜ್ ಹಾಕುತ್ತಿದ್ದೀರಿ, ವೈನನ್ನು ಓಡಿಸುತ್ತಿಲ್ಲ. ಮುಗಿದ ಮೇಲೆ ಹೋಮ್ ಫೋಲ್ಡರಿನಲ್ಲಿ ಅಡಗಿರುವ ವೈನ್ ಫೋಲ್ಡರಿನ ಹೆಸರು ಬದಲಿಸಿಡಿ. ವೈನ್ ಮತ್ತೆ ಓಡಿಸಿದಾಗ ಆ ಜಾಗದಲ್ಲಿ ಹೊಸದಾಗಿ ಹುಟ್ಟುವ ಫೋಲ್ಡರಿನಲ್ಲಿ ಪೇಜ್‌ಮೇಕರ್ ಹಾಕಿ. ಒಮ್ಮೆ ಅದು ಸರಿಯಾಗಿ ನಿಂತ ಮೇಲೆ ಆ ಇಡೀ ಫೋಲ್ಡರನ್ನೇ ಕಾಪಿ ತೆಗೆದಿಡಿ. ಮುಂದೆ ಏನಾದರೂ ಕೆಟ್ಟರೆ ಅದನ್ನೇ ವಾಪಸ್ ತಂದು ಕೂರಿಸಿದರೆ ಮುಗಿಯಿತು.

ಹಳೇ ಪತ್ರಿಕೆಯಲ್ಲಿ ಹೆಸರು, ತಾರೀಖು ಬದಲಿಸುವಷ್ಟೇ ಕೆಲಸವಿದ್ದರೆ ಒಂದು ದಾರಿ ಇದೆ. ಕೆಜಿಪಿಯಲ್ಲಿ ಯೂನಿಕೋಡ್ ಕನ್ನಡ ಹೊಡೆದು, ಪರಿವರ್ತಕದಲ್ಲಿ ಯೂನಿಕೋಡ್‌ನಿಂದ ನುಡಿ ಆಸ್ಕಿಗೆ (ಹಳೇ ನುಡಿ ಫಾಂಟ್‌ನ ಸಂಕೇತಕ್ಕೆ) ತಿರುಗಿಸಿ, ಪೇಜ್‌ಮೇಕರ್‌ನಲ್ಲಿ ಅಂಟಿಸಿ ನುಡಿ ಫಾಂಟ್ ಕೊಡಿ. ಮದುವೆ ಸೀಸನ್‌ನಲ್ಲಿ ನಾನು ಹೀಗೇ ದಾಟಿದ್ದು.

ತಿಪಟೂರು, ಡಿಟಿಪಿ ಅಂಗಡಿ

ತೆರೆಯಿತು. 2011ರ ಒಂದು ಗೃಹಪ್ರವೇಶದ ಪತ್ರಿಕೆ ತೆರೆದು ನೋಡಿದೆ, ಅಕ್ಷರ, ಅಂಚು, ಗಣಪತಿ ಚಿತ್ರ, ಎಲ್ಲ ಇದ್ದಲ್ಲೇ ಇವೆ. ಪ್ರಿಂಟ್ ಕೂಡ ಬಂತು. ರ‍್ಯಾಮ್‌ಗೆ ಹೇಳಿದ್ದೇನೆ, ಶನಿವಾರ ತರುತ್ತಾರೆ. ಟ್ಯಾಲಿಯನ್ನು ಹುಬ್ಬಳ್ಳಿಯವರು ಹೇಳಿದ ಹಾಗೆ ಕೊನೆಯ ವಾರಕ್ಕೇ ಇಟ್ಟುಕೊಂಡಿದ್ದೇನೆ. ಡೇರಿಯ ವರದಿಯ 312 ಸದಸ್ಯರ ಪಟ್ಟಿ ಪರಿವರ್ತಿಸಿ ಆಗಿದೆ, ಅದನ್ನೀಗ ಮಗಳು ಹಳೇ ಪ್ರತಿ ಹಿಡಿದು ಜೋರಾಗಿ ಓದುತ್ತಿದ್ದಾಳೆ, ನಾನು ತಿದ್ದುತ್ತಿದ್ದೇನೆ. ಇದುವರೆಗೆ ಒಂಬತ್ತು ಹೆಸರು ತಪ್ಪು ಸಿಕ್ಕಿವೆ, ಒಂಬತ್ತರಲ್ಲೂ ಅರ್ಕಾವತ್ತೇ.